ತೂಬಿನ ಲೆಕ್ಕ, ನಾಜಲಿನ ನಂಬರು

ಹಳೆಯ ಇಂಜೆಕ್ಟರ್ ಹುಡುಕಿಕೊಂಡು ಮುದ್ದೇನಹಳ್ಳಿಗೆ ಯಾರೂ ಬರುವುದಿಲ್ಲ. ಅದಕ್ಕೆ ಹೋಗಬೇಕಾದದ್ದು ಬೆಂಗಳೂರಿಗೆ, ಶಿವಾಜಿನಗರದ ಗುಜರಿ ಅಂಗಡಿಗಳಿಗೋ ಜೆ.ಸಿ. ರಸ್ತೆಯ ಬಿಡಿಭಾಗದ ಸಾಲಿಗೋ. ಮುದ್ದೇನಹಳ್ಳಿಗೆ ಬರುವವರು ನಂದಿಬೆಟ್ಟದ ಮಗ್ಗುಲಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನೂ ಅವರ ಸಮಾಧಿಯನ್ನೂ ನೋಡಿ, ಬೆಟ್ಟ ಹತ್ತಿ ವಾಪಸಾಗುತ್ತಾರೆ. ಆದರೆ ಕಾರಿನಿಂದ ಬಿಚ್ಚಿದ ಇಂಜೆಕ್ಟರನ್ನು ಗುರುತು ಹಿಡಿದು, ಅದರ ಅಳತೆ ಕಟ್ಟಿ, ಇನ್ನೊಂದು ಇಂಜಿನ್ನಿಗೆ ಹೊಂದಿಸುವ ವಿದ್ಯೆಯ ಚರಿತ್ರೆಯನ್ನು ಹೇಳಹೊರಟರೆ ಈ ಊರಿನಿಂದಲೇ ಶುರುಮಾಡುವುದು ಸರಿ ಎಂದು ನನಗೆ ತೋರುತ್ತದೆ. ಗುಜರಿ ಕಸುಬಿನ ಬಗ್ಗೆ ನಮ್ಮಲ್ಲಿ ಬೇರೂರಿರುವ ಅಭಿಪ್ರಾಯ ಒಂದೇ: ಅದು ಅಂದಾಜಿನ ಕೆಲಸ, ಹೇಗೋ ತಗುಲಿಹಾಕಿ ಓಡಿಸುವ ಕೆಲಸ. ಹಾಗೆ ನೋಡುವವರಲ್ಲಿ ಹೀಗಳೆಯುವವರೂ ಇದ್ದಾರೆ, ‘ಜುಗಾಡ್’ ಎಂದು ಕೊಂಡಾಡುವವರೂ ಇದ್ದಾರೆ. ಇಬ್ಬರೂ ತಪ್ಪು ಎನ್ನುವುದು ನನ್ನ ವಾದ. ಇಂಜೆಕ್ಟರಿನ ಮಟ್ಟಿಗಂತೂ ಗುಜರಿ ಅಳತೆಯ ಕಸುಬು. ಅದರ ನಿಯಮ ಈ ಸೀಮೆಯ ಕೆರೆಯ ತೂಬಿನದು, ಅದರ ಅಂಕಿ ಬೆಂಗಳೂರಿನ ಕಾರ್ಖಾನೆಯದು. ಈ ಎರಡನ್ನೂ ಬಿಟ್ಟು ಗುಜರಿಯ ಮೇಜಿನ ಮೇಲೆ ನಡೆಯುವ ವ್ಯಾಪಾರ ಅರ್ಥವಾಗುವುದಿಲ್ಲ.

ಮೊದಲು ತೂಬು. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿತ್ತು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ, ಮಳೆಯ ನೀರನ್ನು ಸಾವಿರಾರು ಕೆರೆಗಳಲ್ಲಿ ಸರಪಳಿ ಸರಪಳಿಯಾಗಿ ಕಟ್ಟಿಹಾಕಿ ಬದುಕಿದ ಸೀಮೆ ಇದು. ಹಳೆಯ ಕೆರೆಯ ತೂಬನ್ನು ಹತ್ತಿರದಿಂದ ನೋಡಿದವರಿಗೆ ಅದರ ರಚನೆ ಗೊತ್ತು. ಏರಿಯ ಒಳಮಗ್ಗುಲಲ್ಲಿ ನೆಟ್ಟ ಎರಡು ಕಲ್ಲುಕಂಬ, ನಡುವೆ ಉದ್ದನೆಯ ಕೋಲು, ಕೋಲಿನ ತುದಿಗೆ ಮರದ ಬಿರಡೆ, ಬಿರಡೆ ಕೂರುವ ಜಾಗದಲ್ಲಿ ಚಪ್ಪಡಿಗೆ ಕೊರೆದ ದುಂಡನೆಯ ಕಂಡಿ. ಕೋಲನ್ನು ಎತ್ತಿದರೆ ನೀರು, ಇಳಿಸಿದರೆ ಬಂದ್. ಎತ್ತಿ ಇಳಿಸುವವನು ನೀರಗಂಟಿ. ಅವನು ನೀರನ್ನು ಕೊಳಗದಲ್ಲಿ ಅಳೆಯುತ್ತಿರಲಿಲ್ಲ, ಹೊತ್ತಿನಲ್ಲಿ ಅಳೆಯುತ್ತಿದ್ದ. ಕಂಡಿಯ ಗಾತ್ರ ಬದಲಾಗುವುದಿಲ್ಲವಾದ್ದರಿಂದ ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದೇ ಯಾವ ಗದ್ದೆಗೆ ಎಷ್ಟು ನೀರು ಎಂಬುದಕ್ಕೆ ಸಮ. ಆದರೆ ಕೆರೆಯ ಮಟ್ಟ ಇಳಿದಂತೆ ತೂಬಿನ ಹರಿವೂ ಇಳಿಯುತ್ತದೆ. ಇಳಿಯುವ ಪ್ರಮಾಣ ನಾವು ಎಣಿಸುವಂಥದಲ್ಲ. ಕಂಡಿಯ ಮೇಲೆ ನಾಲ್ಕು ಮೀಟರ್ ನಿಂತ ನೀರು ಒಂದು ಮೀಟರಿಗೆ ಇಳಿದರೆ ಹರಿವು ಕಾಲು ಭಾಗಕ್ಕೆ ಬರುವುದಿಲ್ಲ, ಅರ್ಧಕ್ಕೆ ಬರುತ್ತದೆ. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. 17ನೇ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ಇದನ್ನು ಸೂತ್ರವಾಗಿ ಬರೆದ. ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಅದನ್ನು ಪುಸ್ತಕದಲ್ಲಿ ಓದಿದ. ನೀರಗಂಟಿಗೆ ಅದು ಬೇಸಿಗೆ ಬೆಳೆಯ ಸರದಿ ಎಷ್ಟು ಹಿಗ್ಗಬೇಕು ಎಂಬ ಅನುಭವವಾಗಿ ಗೊತ್ತಿತ್ತು.

ಈಗ ಪೆಟ್ರೋಲ್ ಕಾರಿನ ಇಂಜೆಕ್ಟರನ್ನು ಕೈಯಲ್ಲಿ ಹಿಡಿದು ನೋಡಿ. ಬೆರಳುದ್ದದ ವಸ್ತು. ಮೇಲ್ತುದಿಗೆ ಪೆಟ್ರೋಲ್ ಬರುವ ಕೊಳವೆ, ಮಗ್ಗುಲಲ್ಲಿ ಎರಡು ಪಿನ್ನಿನ ಕರೆಂಟ್ ಕನೆಕ್ಟರ್, ಒಳಗೆ ತಂತಿಯ ಸುರುಳಿ, ಅದು ಎಳೆದಾಗ ಮೇಲೇಳುವ ಸೂಜಿ, ಸೂಜಿ ಕೂರುವ ಕಂಡಿ. ಬಿರಡೆ, ಕೋಲು, ಚಪ್ಪಡಿ ಎಲ್ಲವೂ ಇವೆ, ನೀರಗಂಟಿಯ ಕೈಯ ಜಾಗದಲ್ಲಿ ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ ಕೂತಿದೆ. ಅದೂ ಪೆಟ್ರೋಲನ್ನು ಅಳೆಯುವುದು ಹೊತ್ತಿನಲ್ಲೇ. ಇಷ್ಟು ಮಿಲಿಸೆಕೆಂಡು ತೆರೆ ಎನ್ನುತ್ತದೆ, ಅಷ್ಟೆ. ಕಂಡಿಯ ಗಾತ್ರವಾಗಲಿ ಹಿಂದಿನ ಒತ್ತಡವಾಗಲಿ ತಾನು ಎಣಿಸಿದ್ದಕ್ಕಿಂತ ಬೇರೆಯಾದರೆ ಅದರ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಹಳೆಯ ಇಂಜೆಕ್ಟರನ್ನು ಗುರುತಿಸುವ, ಅಳೆಯುವ ಇಡೀ ವಿದ್ಯೆ ಹುಟ್ಟುವುದು ಈ ಒಂದು ಕಟ್ಟಿನಿಂದ.

ವಿಶ್ವೇಶ್ವರಯ್ಯನವರ ಹೆಸರನ್ನು ಇಲ್ಲಿ ತರುವುದು ಊರಿನ ಅಭಿಮಾನಕ್ಕಾಗಿ ಅಲ್ಲ. ಅವರ ವೃತ್ತಿಯ ಮೊದಲರ್ಧವೆಲ್ಲ ಹರಿಯುವುದನ್ನು ಅಳತೆಗೆ ಒಳಪಡಿಸುವ ಕೆಲಸ. ಮುಂಬೈ ಪ್ರಾಂತದ ನೀರಾ ಕಾಲುವೆಯಲ್ಲಿ ಅವರು ರೂಪಿಸಿದ ಬ್ಲಾಕ್ ಪದ್ಧತಿ ನೀರನ್ನು ಸರದಿ ಮತ್ತು ವಿಸ್ತೀರ್ಣದ ಲೆಕ್ಕಕ್ಕೆ ತಂದಿತು. ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಕೂರಿಸಿದ ಸ್ವಯಂಚಾಲಿತ ಗೇಟುಗಳು ನೀರು ಗೊತ್ತಾದ ಮಟ್ಟ ಮೀರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಮುಂದೆ ಕೃಷ್ಣರಾಜಸಾಗರಕ್ಕೂ ಅದೇ ಬಗೆಯ ಗೇಟು ಬಂತು. ಡೀಸೆಲ್ ಇಂಜಿನ್ನಿನ ಹಳೆಯ ನಾಜಲಿಗೂ ಈ ಗೇಟಿಗೂ ಕೆಲಸದಲ್ಲಿ ವ್ಯತ್ಯಾಸವಿಲ್ಲ. ಪಂಪು ತಳ್ಳಿದ ಎಣ್ಣೆಯ ಒತ್ತಡ ಸ್ಪ್ರಿಂಗಿನ ಬಿಗಿಯನ್ನು ಮೀರಿದ ಗಳಿಗೆಗೆ ಸೂಜಿ ತಾನಾಗಿ ಏಳುತ್ತದೆ, ಒತ್ತಡ ಇಳಿದ ಗಳಿಗೆಗೆ ಕೂರುತ್ತದೆ, ಯಾರೂ ಹೇಳಬೇಕಾಗಿಲ್ಲ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಬಾಷ್ ಕಂಪನಿ ಜರ್ಮನಿಯಲ್ಲಿ ಡೀಸೆಲ್ ಪಂಪುಗಳನ್ನು ಸಾಲಾಗಿ ತಯಾರಿಸತೊಡಗಿದ್ದು 1927ರಲ್ಲಿ, ಅದಕ್ಕೂ ಖಡಕ್‌ವಾಸ್ಲಾಕ್ಕೂ ನಂಟಿಲ್ಲ. ಎರಡೂ ಒಂದೇ ಪ್ರಶ್ನೆಗೆ ಸಿಕ್ಕ ಒಂದೇ ಬಗೆಯ ಉತ್ತರ ಎನ್ನುವುದಷ್ಟೇ ನನ್ನ ಮಾತು. ಕೆರೆಯ ಸೀಮೆಯವನಿಗೆ ಇಂಜೆಕ್ಟರಿನ ವಿಚಾರ ಪರಕೀಯವಾಗಬೇಕಿಲ್ಲ.

ಇನ್ನೊಂದು ಕಾರಣ ಕಾರಿನದು. 1935ರಲ್ಲಿ, ಎಪ್ಪತ್ತು ದಾಟಿದ ಮೇಲೆ, ವಿಶ್ವೇಶ್ವರಯ್ಯ ಯುರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ಬಂದು, ಇಲ್ಲೇ ಕಾರು ತಯಾರಿಸುವ ಯೋಜನೆಯನ್ನು ಮುಂದಿಟ್ಟರು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಗೂಡಿದರು. ಮೊದಲು ಮುಂಬೈಗೆಂದು ಯೋಚಿಸಿದ್ದು, ಯುದ್ಧ ಶುರುವಾದ ಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಆಸಕ್ತಿ ತೋರಿ ಬೆಂಗಳೂರಿನ ಕಡೆ ತಿರುಗಿತು. ಬ್ರಿಟಿಷ್ ಭಾರತ ಸರ್ಕಾರ ಬೆಂಬಲ ಕೊಡಲಿಲ್ಲ, ಯೋಜನೆ ಬಿದ್ದುಹೋಯಿತು. ಅದೇ ವಾಲಚಂದ್, ಅದೇ ಮೈಸೂರು ಸರ್ಕಾರ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟುಹಾಕಿದವು. ವಿಮಾನಕ್ಕೆ ಸಿಕ್ಕ ಅನುಮತಿ ಕಾರಿಗೆ ಸಿಗಲಿಲ್ಲ ಎಂಬುದು ನಮ್ಮ ಕೈಗಾರಿಕಾ ಚರಿತ್ರೆಯ ವಿಚಿತ್ರಗಳಲ್ಲಿ ಒಂದು. ವಾಲಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬೈನಲ್ಲೇ ಸ್ಥಾಪನೆಯಾಯಿತು. ಬೆಂಗಳೂರಿನ ಪಾಲಿಗೆ ಇಡೀ ಕಾರು ಬರಲಿಲ್ಲ, ಕಾರಿನ ಅತಿ ಸೂಕ್ಷ್ಮವಾದ ಒಂದು ಅಂಗ ಬಂತು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಊರಿನವರ ಬಾಯಲ್ಲಿ ‘ಮೈಕೋ’, ಬಾಷ್ ತಂತ್ರಜ್ಞಾನದಲ್ಲಿ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಇಂಧನದ ಪಂಪನ್ನೂ ತಯಾರಿಸತೊಡಗಿತು. ಆಮೇಲೆ ನಾಸಿಕ್‌ನ ಕಾರ್ಖಾನೆ ನಾಜಲುಗಳ ತಯಾರಿಕೆಗೆ ಹೆಸರಾಯಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಬಡಾವಣೆಗೆ ‘ಮೈಕೋ ಲೇಔಟ್’ ಎಂಬ ಹೆಸರು ನಿಂತಿದೆ.

ಮೈಕೋ ಕೊಟ್ಟದ್ದು ಬರೀ ಪಂಪು, ನಾಜಲು ಅಲ್ಲ. ಅದು ಕೊಟ್ಟ ದೊಡ್ಡ ವಸ್ತು ನಂಬರು. ಡೀಸೆಲ್ ಪಂಪಿನ ಪ್ಲಂಜರಿಗೂ ಅದು ಓಡಾಡುವ ಬ್ಯಾರಲ್ಲಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲಿನ ದಪ್ಪ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಇಷ್ಟು ಬಿಗಿಯಾದ ವಸ್ತುವನ್ನು ಕುಲುಮೆಯಲ್ಲಿ ತಿದ್ದಲಾಗದು, ಕಣ್ಣಳತೆಯಲ್ಲಿ ಹೊಂದಿಸಲಾಗದು. ಯಾವುದಕ್ಕೆ ಯಾವುದು ಎಂದು ಅದರ ಮೈಮೇಲೆ ಬರೆದಿರಲೇಬೇಕು. ಹಾಗಾಗಿ ನಾಜಲಿನ ಕೊರಳ ಮೇಲೆ ಕಡಲೆಕಾಳಿಗಿಂತ ಸಣ್ಣ ಅಕ್ಷರಗಳಲ್ಲಿ ‘ಡಿಎಲ್‌ಎಲ್‌ಎ 150 ಪಿ’ ಎಂಬಂಥ ಸಂಕೇತ ಕೆತ್ತಿರುತ್ತಾರೆ. ಮೊದಲ ಅಕ್ಷರ ನಾಜಲ್ ಎಂಬುದರ ಜರ್ಮನ್ ಪದದ್ದು, ನಡುವಿನವು ಅದು ಉದ್ದ ಕೊಕ್ಕಿನ, ತೂತುಗಳುಳ್ಳ ಬಗೆ ಎಂದು ಹೇಳುತ್ತವೆ. 150 ಎಂದರೆ ಎಣ್ಣೆ ಚಿಮ್ಮುವ ಕೋನ, ಕೊನೆಯ ಅಕ್ಷರ ಮೈಯ ಗಾತ್ರ. ಜರ್ಮನಿಯಲ್ಲಿ ಹುಟ್ಟಿದ ಈ ಸಂಕೇತವನ್ನು ಜರ್ಮನ್ ಒತ್ತಟ್ಟಿಗಿರಲಿ, ಇಂಗ್ಲಿಷನ್ನೂ ಓದಲು ಬಾರದ ಮೆಕ್ಯಾನಿಕ್ಕುಗಳು ಊರೂರಿನಲ್ಲಿ ಬಾಯಿಪಾಠ ಮಾಡಿಕೊಂಡರು. ಕಪಿಲೆ ಬಾವಿಗಳ ಮೇಲೆ ಆಯಿಲ್ ಇಂಜಿನ್ ಕೂತ ಕಾಲದಿಂದ, ಲಾರಿ, ಬಸ್ಸು, ಟ್ರ್ಯಾಕ್ಟರು, ಕೊನೆಗೆ ಬೋರ್‌ವೆಲ್ ಕೊರೆಯುವ ಗಾಡಿಯ ಕಂಪ್ರೆಸರಿನವರೆಗೆ, ಈ ಬಯಲುಸೀಮೆಯ ನೀರೆಲ್ಲ ಒಂದಲ್ಲ ಒಂದು ಡೀಸೆಲ್ ನಾಜಲಿನ ಋಣದಲ್ಲಿದೆ. ಕೆರೆ ಬತ್ತಿದಂತೆ ತೂಬಿನ ಬಿರಡೆಯ ಕೆಲಸ ಕಡಿಮೆಯಾಯಿತು, ನಾಜಲಿನ ಸೂಜಿಯ ಕೆಲಸ ಹೆಚ್ಚಿತು. ಇದನ್ನು ಪ್ರಗತಿ ಎನ್ನುವವರು ಸಾವಿರ ಅಡಿ ದಾಟಿದ ಬೋರ್‌ವೆಲ್ಲುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಡೀಸೆಲ್ ಪಂಪು, ನಾಜಲು ರಿಪೇರಿ ಮಾಡುವ ಆ ಕಾಲದ ಪಂಪ್ ರೂಮುಗಳಲ್ಲಿ ಬೆಳೆದ ಶಿಸ್ತು ಮುಂದಿನ ಕಥೆಗೆ ಮುಖ್ಯ. ನಾಜಲ್ ಪರೀಕ್ಷೆಯ ಯಂತ್ರ ಎಂದರೆ ಒಂದು ಕೈಹಿಡಿ, ಒಂದು ಒತ್ತಡದ ಮೀಟರು, ಒಂದು ಸಣ್ಣ ಎಣ್ಣೆ ತೊಟ್ಟಿ. ನಾಜಲನ್ನು ಬಿಗಿದು ಕೈಹಿಡಿಯನ್ನು ನಿಧಾನವಾಗಿ ಒತ್ತುತ್ತಾರೆ. ಮುಳ್ಳು ಏರುತ್ತಾ ಹೋಗಿ, ಗೊತ್ತಾದ ಒತ್ತಡದಲ್ಲಿ ಸೂಜಿ ಎದ್ದು ಎಣ್ಣೆ ಮಂಜಾಗಿ ಚಿಮ್ಮುತ್ತದೆ. ಚೆನ್ನಾಗಿರುವ ನಾಜಲು ಆಗ ಸುಮ್ಮನಿರುವುದಿಲ್ಲ, ಚರ್ರ್ ಚರ್ರ್ ಎಂದು ನಡುಗುತ್ತದೆ. ಸೂಜಿ ಸಲೀಸಾಗಿ ಎದ್ದು ಕೂರುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಆಮೇಲೆ ಒತ್ತಡವನ್ನು ತೆರೆಯುವ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ ಮೂತಿಯನ್ನು ಕಾಯುತ್ತಾರೆ. ಹನಿ ಕಟ್ಟಿದರೆ ಸೀಟು ಸವೆದಿದೆ. ತೆರೆಯುವ ಒತ್ತಡ ಕಡಿಮೆಯಿದ್ದರೆ ಸ್ಪ್ರಿಂಗಿನ ಮೇಲೆ ತೆಳುವಾದ ಷಿಮ್ ಹಾಕಿ ಏರಿಸುತ್ತಾರೆ. ಆ ಮಂಜಿಗೆ ಬೆರಳು ಒಡ್ಡಬಾರದು ಎಂಬುದು ಹೊಸ ಹುಡುಗನಿಗೆ ಮೊದಲ ದಿನವೇ ಹೇಳುವ ಮಾತು. ಕಣ್ಣಿಗೆ ಧೂಪದ ಹೊಗೆಯಷ್ಟು ಮೃದುವಾಗಿ ಕಂಡರೂ ಅದು ಚರ್ಮ ಸೀಳಿ ಒಳಗೆ ಹೋಗುತ್ತದೆ. ಈ ಪರೀಕ್ಷೆಯಲ್ಲಿ ಕಿವಿಗೆ ಕೆಲಸವಿದೆ, ಕಣ್ಣಿಗೆ ಕೆಲಸವಿದೆ, ಆದರೆ ಕೊನೆಯ ಮಾತು ಮೀಟರಿನದು. ಹಳೆಯ ಭಾಗವೊಂದು ಮತ್ತೆ ಬಳಸಲು ಯೋಗ್ಯವೇ ಎಂಬ ಪ್ರಶ್ನೆಗೆ ಅಭಿಪ್ರಾಯದ ಬದಲು ಅಳತೆ ಉತ್ತರವಾದದ್ದು ಇಲ್ಲಿ.

ಪೆಟ್ರೋಲ್ ಕಾರಿನ ಕಡೆ ಈ ಶಿಸ್ತು ತಡವಾಗಿ ಬಂತು, ಏಕೆಂದರೆ ಅಲ್ಲಿ ಕಾರ್ಬೋರೇಟರ್ ಆಳುತ್ತಿತ್ತು. ಇಲ್ಲೊಂದು ಆಕ್ಷೇಪಣೆ ಏಳುತ್ತದೆ: ಕಾರ್ಬೋರೇಟರಿನ ಜೆಟ್ಟಿಗೂ ನಂಬರಿತ್ತಲ್ಲ? ಇತ್ತು. ಸೋಲೆಕ್ಸ್ ಜೆಟ್ಟಿನ ಮೇಲೆ 120 ಎಂದಿದ್ದರೆ ತೂತು 1.20 ಮಿ.ಮೀ. ಎಂದೇ ಅರ್ಥ. ಆದರೆ ಆ ನಂಬರು ಕಟ್ಟಳೆಯಾಗಿರಲಿಲ್ಲ, ಸಲಹೆಯಾಗಿತ್ತು. ಪಿಕಪ್ ಸಾಲದು ಎಂದರೆ ತೂತನ್ನು ಕೊಂಚ ಕೆರೆದು ಅಗಲಿಸಬಹುದಿತ್ತು, ಮೈಲೇಜು ಸಾಲದು ಎಂದರೆ ಸ್ಕ್ರೂ ತಿರುಗಿಸಬಹುದಿತ್ತು. ಇಂಜಿನ್ನಿನ ಸದ್ದು ಕೇಳಿ, ಸೈಲೆನ್ಸರಿನ ಮೂತಿಯ ಮಸಿ ನೋಡಿ ನಿಕಾಲೆ ಮಾಡುವ ಉಸ್ತಾದರ ಕಾಲ ಅದು. ಅವರ ಕೈಗುಣವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಆ ಗುಣ ಉಸ್ತಾದನೊಂದಿಗೆ ಬಂದು ಉಸ್ತಾದನೊಂದಿಗೆ ಹೋಗುವಂಥದು. ಆ ಕಾಲವನ್ನು ಮುಗಿಸಿದ್ದು ಹೊಗೆಯ ಕಾನೂನು. ಎಲೆಕ್ಟ್ರಾನಿಕ್ ಇಂಜೆಕ್ಷನ್ ಜರ್ಮನಿಯ ಫೋಕ್ಸ್‌ವ್ಯಾಗನ್ 1600 ಕಾರಿಗೆ 1967ರಲ್ಲೇ ಬಂದಿದ್ದರೂ, ನಮ್ಮ ರಸ್ತೆಗಳಲ್ಲಿ ಅದು ಮಾಮೂಲಾದದ್ದು 2000ದ ಹೊಗೆ ಮಿತಿಯ ಆಜುಬಾಜಿನಲ್ಲಿ, ಹಿಂಬದಿ ಗಾಜಿನ ಮೇಲೆ ‘ಎಂಪಿಎಫ್‌ಐ’ ಸ್ಟಿಕರಿನೊಡನೆ. ಬೆಂಗಳೂರಿಗೆ 2005ರಲ್ಲಿ ಭಾರತ್ ಸ್ಟೇಜ್ 3, 2010ರಲ್ಲಿ 4 ಬಂದವು. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ 6 ಬಂದ ಮೇಲೆ ಬೈಕು ಸ್ಕೂಟರುಗಳೂ ಬಹುಪಾಲು ಕಾರ್ಬೋರೇಟರ್ ಕಳಚಿಟ್ಟವು. ಆ ಮೊದಲ ಎಂಪಿಎಫ್‌ಐ ಕಾರುಗಳು ಹದಿನೈದು ಇಪ್ಪತ್ತು ವರ್ಷ ಓಡಿ ಗುಜರಿಗೆ ಬಂದಾಗ, ಬಾನೆಟ್ಟಿನ ಕೆಳಗಿನಿಂದ ಇಂಜೆಕ್ಟರುಗಳು ರಾಶಿರಾಶಿಯಾಗಿ ಹೊರಬಿದ್ದವು.

ಉರ್ದುವಿನಲ್ಲಿ ಗುಜರಿ ಎಂದರೆ ದಾರಿಬದಿಯ ಸಂತೆ, ಬೈಗಿನ ಹೊತ್ತಿಗೆ ನೆರೆಯುವಂಥದು. ಕನ್ನಡದಲ್ಲಿ ಆ ಮಾತು ಸಂತೆಯಿಂದ ಸಾಮಾನಿಗೆ ಇಳಿದು, ಹಳೆಯ ಕಬ್ಬಿಣಕ್ಕೆಲ್ಲ ಹೆಸರಾಯಿತು. ಕಬ್ಬಿಣವಾದರೆ ತೂಕಕ್ಕೆ ಮಾರಬಹುದು. ಇಂಜೆಕ್ಟರನ್ನು ತೂಕಕ್ಕೆ ಮಾರಿದರೆ ಮಾರಿದವನಿಗೆ ನಷ್ಟ, ನಂಬರು ಓದಿ ಮಾರಿದರೆ ಅದಕ್ಕೆ ಬೆಲೆ. ಓದುವ ಕ್ರಮ ಹೀಗೆ. ಮಣ್ಣು ಮಸಿಯನ್ನು ಒರೆಸಿ ಮೈಮೇಲಿನ ಅಂಕಿ ಹುಡುಕಬೇಕು. 0 280 150 ಎಂದು ಶುರುವಾದರೆ ಬಾಷ್‌ನ ಹಳೆಯ, ದಪ್ಪ ಮೈಯ ಬಗೆ. 0 280 155, 156 ಎಂದಿದ್ದರೆ ಅನಂತರದ ತೆಳು ಮೈಯದು. 23250 ಎಂದು ಶುರುವಾದರೆ ಟೊಯೊಟಾದ ಲೆಕ್ಕ. ಕೆಲವು ಜಪಾನಿ ಕಂಪನಿಗಳು ಅಂಕಿಗಿಂತ ಹೆಚ್ಚಾಗಿ ಪ್ಲಾಸ್ಟಿಕ್ಕಿನ ಬಣ್ಣದಲ್ಲಿ ಮಾತಾಡುತ್ತವೆ. ಬಣ್ಣ ನಂಬುವಾಗ ಹುಷಾರಾಗಿರಬೇಕು, ಹತ್ತು ವರ್ಷ ಇಂಜಿನ್ನಿನ ಕಾವಿನಲ್ಲಿ ಬೆಂದ ಹಸಿರು ಕಂದಾಗಿರುತ್ತದೆ, ಕಂದು ಕಪ್ಪಾಗಿರುತ್ತದೆ. ಅಂಕಿ ಅಳಿಸಿದ್ದರೆ ಕನೆಕ್ಟರಿನ ಆಕಾರ, ರಬ್ಬರ್ ರಿಂಗಿನ ವ್ಯಾಸ, ಎರಡು ರಿಂಗುಗಳ ನಡುವಿನ ಉದ್ದ ನೋಡಬೇಕು. ಉದ್ದ ಹೊಂದದಿದ್ದರೆ ಉಳಿದದ್ದೆಲ್ಲ ಹೊಂದಿಯೂ ಪ್ರಯೋಜನವಿಲ್ಲ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ, ಅಂದರೆ ರೈಲು, ಕೂರುವುದೇ ಇಲ್ಲ. ಆಮೇಲೆ ಮಲ್ಟಿಮೀಟರ್. ಎರಡು ಪಿನ್ನಿನ ನಡುವೆ 12ರಿಂದ 16 ಓಮ್ ಬಂದರೆ ಸಾಮಾನ್ಯ ಬಗೆ. ಎರಡು ಮೂರು ಓಮ್ ಬಂದರೆ ಅದು ಬೇರೆ ಜಾತಿಯ ಡ್ರೈವರ್ ಬೇಡುವ ಇಂಜೆಕ್ಟರ್. ಕಾರಣ ಶಾಲೆಯ ಲೆಕ್ಕ: 12 ವೋಲ್ಟಿಗೆ 14 ಓಮ್ ಇದ್ದರೆ ಹರಿಯುವುದು ಒಂದು ಆಂಪಿಯರಿಗೂ ಕಡಿಮೆ, 2.4 ಓಮ್ ಇದ್ದರೆ ಐದು ಆಂಪಿಯರ್. ಐದರ ಇಂಜೆಕ್ಟರನ್ನು ಒಂದರ ಇಸಿಯುಗೆ ಹಾಕಿದವನು ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಇಸಿಯುವಿನ ಡ್ರೈವರ್ ಸುಟ್ಟುಕೊಳ್ಳುತ್ತಾನೆ. ಕಡೆಯದಾಗಿ ಮೂತಿ: ಒಂದು ಧಾರೆಯೋ ಎರಡು ಧಾರೆಯೋ? ಸಿಲಿಂಡರಿಗೆ ಎರಡು ಇನ್‌ಲೆಟ್ ವಾಲ್ವಿದ್ದರೆ ಒಂದೊಂದು ವಾಲ್ವಿಗೆ ಒಂದೊಂದು ಧಾರೆ ಬೀಳುವಂತೆ ಸೀಳಿರುತ್ತಾರೆ. ಅಲ್ಲಿಗೆ ಒಂಟಿ ಧಾರೆಯದನ್ನು ಹಾಕಿದರೆ ಪೆಟ್ರೋಲು ನಡುವಿನ ಗೋಡೆಗೆ ಬಡಿದು ತೊಟ್ಟಿಕ್ಕುತ್ತದೆ.

ಗುರುತು ಸಿಕ್ಕ ಮೇಲೆ ಗಾತ್ರ. ನಾಲ್ಕು ಸಿಲಿಂಡರಿನ, 60 ಅಶ್ವಶಕ್ತಿಯ ಇಂಜಿನ್ ಇದೆ ಎನ್ನಿ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಅಶ್ವಶಕ್ತಿಯೊಂದಕ್ಕೆ ಗಂಟೆಗೆ ಸುಮಾರು 230 ಗ್ರಾಂ ಪೆಟ್ರೋಲು ಬೇಕೆಂದು ಹಿಡಿದರೆ ಒಟ್ಟು 13,800 ಗ್ರಾಂ. ನಾಲ್ಕು ಪಾಲು ಮಾಡಿದರೆ ಇಂಜೆಕ್ಟರಿಗೆ 3,450, ನಿಮಿಷಕ್ಕೆ 57.5 ಗ್ರಾಂ. ಆದರೆ ಇಂಜೆಕ್ಟರ್ ಸದಾ ತೆರೆದುಕೊಂಡೇ ಇರಬಾರದು, ಹೆಚ್ಚೆಂದರೆ ನೂರಕ್ಕೆ ಎಂಬತ್ತು ಹೊತ್ತು ತೆರೆದಿರಬೇಕು ಎಂಬುದು ಕಸುಬಿನ ರೂಢಿ. ಹಾಗಾಗಿ 0.8ರಿಂದ ಭಾಗಿಸಿದರೆ ಸುಮಾರು 72 ಗ್ರಾಂ, ಪೆಟ್ರೋಲಿನ ಸಾಂದ್ರತೆ 0.74 ಎಂದು ಹಿಡಿದರೆ ನಿಮಿಷಕ್ಕೆ 97 ಸಿಸಿ. ನೂರು ಸಿಸಿಯ ಆಸುಪಾಸಿನ ಇಂಜೆಕ್ಟರ್ ಸಾಕು. ಈ ಸಿಸಿಯನ್ನು ಸಾಮಾನ್ಯವಾಗಿ ಹೇಳುವುದು 3 ಬಾರ್ ಒತ್ತಡಕ್ಕೆ. ಬೇರೆ ಕಾರಿನ ಒತ್ತಡ ಬೇರೆಯಿದ್ದರೆ ತೂಬಿನ ಲೆಕ್ಕ ಮತ್ತೆ ಬರುತ್ತದೆ: 3 ಬಾರಿಗೆ 200 ಸಿಸಿ ಕೊಡುವ ಇಂಜೆಕ್ಟರ್ 4 ಬಾರಿಗೆ 267 ಕೊಡುವುದಿಲ್ಲ, 231 ಕೊಡುತ್ತದೆ, ಎರಡೂವರೆ ಬಾರಿಗೆ 183. ವರ್ಗಮೂಲವನ್ನು ಮರೆತು ಸೀದಾ ತ್ರೈರಾಶಿ ಹಾಕುವುದು ಇಲ್ಲಿನ ಸಾಮಾನ್ಯ ತಪ್ಪು. ಇನ್ನೊಂದು ತಪ್ಪು, ದೊಡ್ಡದಿದ್ದರೆ ಒಳ್ಳೆಯದು ಎಂಬ ಭ್ರಮೆ. ನಿಮಿಷಕ್ಕೆ 6,000 ಸುತ್ತು ಸುತ್ತುವ ಇಂಜಿನ್ನಿನಲ್ಲಿ ಒಂದು ಸರದಿಗೆ ಸಿಗುವ ಹೊತ್ತು 20 ಮಿಲಿಸೆಕೆಂಡು. ಅಲ್ಲಿ ದೊಡ್ಡ ಕಂಡಿ ನಡೆದೀತು. ಐಡ್ಲಿಂಗಿನಲ್ಲಿ ಇಂಜೆಕ್ಟರ್ ತೆರೆಯುವುದೇ ಎರಡು ಮೂರು ಮಿಲಿಸೆಕೆಂಡು, ಅದರಲ್ಲಿ ಸುಮಾರು ಒಂದು ಮಿಲಿಸೆಕೆಂಡು ಸೂಜಿ ಏಳುವುದರಲ್ಲೇ ಕಳೆಯುತ್ತದೆ. ಕಂಡಿ ಎರಡು ಪಟ್ಟು ದೊಡ್ಡದಾದರೆ ಉಳಿದ ಚೂರು ಹೊತ್ತಿನಲ್ಲಿ ಅಳತೆ ಕೂರುವುದೇ ಇಲ್ಲ. ಅಡಿಕೆ ತೋಟದ ತೂಬಿನಿಂದ ತುಳಸಿಕಟ್ಟೆಗೆ ನೀರು ಬಿಟ್ಟ ಹಾಗೆ.

ಕಾಗದದ ಲೆಕ್ಕ ಸಾಲದು ಎಂಬುದನ್ನೂ ಈ ಕಸುಬು ಬಲ್ಲದು. ನಂಬರು ಹೇಳುವುದು ಕಾರ್ಖಾನೆಯಿಂದ ಹೊರಬಿದ್ದ ದಿನದ ಮಾತನ್ನು. ಒಂದು ಲಕ್ಷ ಕಿ.ಮೀ. ಓಡಿದ ಮೇಲಿನದನ್ನಲ್ಲ. ಆದ್ದರಿಂದ ಸಾಲಾಗಿ ನಿಲ್ಲಿಸಿದ ಗಾಜಿನ ಅಳತೆ ಕೊಳವೆಗಳ ಮೇಲೆ ನಾಲ್ಕನ್ನೂ ಒಟ್ಟಿಗೆ ಬಿಗಿದು, ಒಂದೇ ಒತ್ತಡದಲ್ಲಿ, ಒಂದೇ ಹೊತ್ತು ಹರಿಸಿ ಮಟ್ಟ ನೋಡುತ್ತಾರೆ. ಒಂದು ಕೊಳವೆ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ತಗ್ಗಿದ್ದರೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಮತ್ತೆ ಹರಿಸುತ್ತಾರೆ. ನಾಲ್ಕೂ ಸಮವಾಗಿ ಕೊಂಚ ಕಡಿಮೆ ಕೊಟ್ಟರೆ ಇಸಿಯು ಆಕ್ಸಿಜನ್ ಸೆನ್ಸರಿನ ವರದಿ ನೋಡಿ ಹೊತ್ತು ಹಿಗ್ಗಿಸಿ ಸರಿದೂಗಿಸೀತು. ಒಂದು ಮಾತ್ರ ಬೇರೆಯಾದರೆ ಸರಾಸರಿ ಸರಿಯಿದ್ದೂ ಆ ಸಿಲಿಂಡರ್ ಒಳಗೊಳಗೇ ಬೇಯುತ್ತದೆ. ನಾಲ್ಕರ ನಡುವಿನ ಸಮತೆ ಒಂದೊಂದರ ಗಾತ್ರಕ್ಕಿಂತ ಮುಖ್ಯ ಎಂಬ ಈ ತಿಳಿವಳಿಕೆ ಅಂದಾಜಿನ ಕಸುಬಿನಲ್ಲಿ ಹುಟ್ಟುವಂಥದಲ್ಲ.

ಗುಜರಿಯ ಮೇಲಿನ ದೊಡ್ಡ ಆಪಾದನೆ ಕಳ್ಳತನದ್ದು. ಕದ್ದ ಗಾಡಿ ರಾತ್ರಿ ಬೆಳಗಾಗುವುದರಲ್ಲಿ ಬಿಡಿಭಾಗವಾಗಿ ಕರಗುತ್ತದೆ ಎಂಬ ಮಾತಿಗೆ ಆಧಾರವಿಲ್ಲದಿಲ್ಲ. ಕಳವಿನ ಮಾಲು ಎಂದು ತಿಳಿದೂ ಕೊಳ್ಳುವುದು ಐಪಿಸಿ 411ರ ಅಪರಾಧವೆಂಬುದು ಎಲ್ಲರಿಗೂ ಗೊತ್ತಿತ್ತು, ಈಗ ಅದೇ ಮಾತು ನ್ಯಾಯ ಸಂಹಿತೆಯಲ್ಲಿದೆ. ಷಾಸಿಗೆ, ಇಂಜಿನ್ನಿಗೆ ಅದರದೇ ನಂಬರಿದೆ. ಇಂಜೆಕ್ಟರಿನ ಮೇಲಿರುವುದು ಮಾದರಿಯ ನಂಬರು, ಅದು ಯಾವ ಗಾಡಿಯದೆಂದು ಹೇಳುವುದಿಲ್ಲ. ಹಾಗಾಗಿ ಅಳತೆಯ ವಿದ್ಯೆ ಕಳ್ಳಮಾಲಿಗೂ ಒಳ್ಳೆಯ ಮಾಲಿಗೂ ಸಮನಾಗಿ ಸೇವೆ ಮಾಡುತ್ತದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ನಾನು ಅಳತೆಯ ಬಗ್ಗೆ ವಾದಿಸುತ್ತಿದ್ದೇನೆ, ನೀತಿಯ ಬಗ್ಗೆ ಅಲ್ಲ. ತಕ್ಕಡಿ ಸರಿಯಿದೆ ಎಂದ ಮಾತ್ರಕ್ಕೆ ಅಂಗಡಿಯವನು ಸಾಚಾ ಆಗುವುದಿಲ್ಲ. ಆದರೆ ‘ಡೂಪ್ಲಿಕೇಟ್’ ಮಾಲಿನ ವಿಚಾರದಲ್ಲಿ ಗುಜರಿಯ ಕಡೆ ವಾಲಬೇಕಾಗುತ್ತದೆ. ಹೊಸ ಪ್ಯಾಕೆಟ್ಟಿನಲ್ಲಿ, ಹೊಳೆಯುವ ಲೇಬಲ್ಲಿನೊಡನೆ ಬರುವ ನಕಲಿ ನಾಜಲಿಗಿಂತ, ಗಾಡಿಯಿಂದ ಬಿಚ್ಚಿದ ಅಸಲಿ ನಾಜಲು ಪರೀಕ್ಷೆಯ ಮೇಲೆ ಎಷ್ಟೋ ಸಲ ಚೆನ್ನಾಗಿ ನಿಲ್ಲುತ್ತದೆ. ಬಲ್ಲವರು ‘ಕಂಪನಿದು, ಬಿಚ್ಚಿದ್ದು’ ಎಂದು ಹೇಳಿ ಮಾರುವುದರ ಹಿಂದಿನ ಗತ್ತು ಅದೇ.

ವಿಶ್ವೇಶ್ವರಯ್ಯನವರು ಕನಸಿದ್ದು ತಯಾರಿಕೆಯನ್ನು, ಹಳೆಯದನ್ನು ತಿದ್ದಿ ಓಡಿಸುವುದನ್ನಲ್ಲ. ಅವರ ಹೆಸರನ್ನು ಗುಜರಿಯ ಹತ್ತಿರ ತರುವುದೇ ಅಪಚಾರ ಎನ್ನುವವರೂ ಉಂಟು. ಈ ಆಕ್ಷೇಪಣೆಯಲ್ಲಿ ತೂಕವಿದೆ. ರಿಪೇರಿಯನ್ನೇ ದೊಡ್ಡ ಸಾಧನೆ ಎಂದು ಮೆರೆಸಿದರೆ ಅವರಿಗೆ ಸಿಟ್ಟು ಬರುತ್ತಿತ್ತು ಎಂದೇ ನನಗೂ ಅನಿಸುತ್ತದೆ. ಆದರೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ದುಡಿಮೆಗೆ ತಮಗೆ ಸಲ್ಲಬೇಕಿದ್ದ ಹಣವನ್ನು ಅವರು ಯಾವುದಕ್ಕೆ ತೊಡಗಿಸಿದರು ನೋಡಿ: ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ, 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿಗೆ, ಇಂದಿನ ಎಸ್‌.ಜೆ. ಪಾಲಿಟೆಕ್ನಿಕ್ಕಿಗೆ. ಅಳತೆಗಾರ ಕೈಗಳು ಸಿದ್ಧವಾಗದೆ ಕಾರ್ಖಾನೆ ನಿಲ್ಲದು ಎಂಬುದು ಅವರಿಗೆ ತಿಳಿದಿತ್ತು. ಆ ಕೈಗಳಲ್ಲಿ ಎಲ್ಲವೂ ಕಾರ್ಖಾನೆ ಸೇರಲಿಲ್ಲ. ಕಾರ್ಖಾನೆಯ ಅಂಕಿಯನ್ನೇ ಓದಿ, ಕಾರ್ಖಾನೆಯ ಒತ್ತಡದಲ್ಲೇ ಪರೀಕ್ಷೆ ಮಾಡಿ, ಕಾರ್ಖಾನೆ ನಿಗದಿಮಾಡಿದ ಮಿತಿಗೇ ತರುವ ಮೇಜು ಕಾರ್ಖಾನೆಯ ವೈರಿಯಲ್ಲ, ಅದರ ಹೊರಗೆ ಬೆಳೆದ ಟಿಸಿಲು.

ತೂಬಿನ ಹೋಲಿಕೆಯನ್ನು ಎಳೆಯುವುದಕ್ಕೂ ಒಂದು ಮಿತಿಯಿದೆ. ನೀರಗಂಟಿಯ ಅಳತೆ ಬರೀ ವರ್ಗಮೂಲದ್ದಾಗಿರಲಿಲ್ಲ. ಈ ಸೀಮೆಯ ಎಷ್ಟೋ ಊರುಗಳಲ್ಲಿ ಆ ಕೆಲಸ ದಲಿತ ಕುಟುಂಬಗಳದಾಗಿತ್ತು, ತೂಬು ಎತ್ತುವ ಕೈ ಅವರದಾದರೂ ಸರದಿಯನ್ನು ನಿಶ್ಚಯಿಸುವ ಮಾತು ಬೇರೆಯವರದಾಗಿತ್ತು. ಕೆರೆ ಬತ್ತುವ ವರ್ಷ ಯಾರ ಗದ್ದೆ ಮೊದಲು ಒಣಗಬೇಕು ಎಂಬುದಕ್ಕೆ ಟೊರಿಚೆಲ್ಲಿಯ ಸೂತ್ರದಲ್ಲಿ ಉತ್ತರವಿಲ್ಲ. ಇಸಿಯುಗೆ ಇಂಥ ಕಷ್ಟವಿಲ್ಲ. ಅದು ನಾಲ್ಕು ಸಿಲಿಂಡರನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. ನೀರಗಂಟಿಗಿದ್ದ ಒಂದು ಶಕ್ತಿ ಅದಕ್ಕಿಲ್ಲ ಎಂಬುದೂ ನಿಜ. ತೂಬಿನ ಬಾಯಿಗೆ ಕಸ ಸಿಕ್ಕಿದ್ದರೆ ಅವನು ಇಳಿದು ತೆಗೆಯುತ್ತಿದ್ದ. ಕಸ ಸಿಕ್ಕಿದ ಇಂಜೆಕ್ಟರಿಗೆ ಇಸಿಯು ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹಚ್ಚಿ ಸುಮ್ಮನಾಗುತ್ತದೆ.

ಡೀಸೆಲ್ಲಿನಲ್ಲಿ ಕಾಮನ್ ರೈಲ್ ಬಂದ ಮೇಲೆ ನಂಬರಿನ ಅರ್ಥವೇ ಬದಲಾಯಿತು. 1997ರಲ್ಲಿ ಯುರೋಪಿನ ಕಾರುಗಳಲ್ಲಿ ಕಾಣಿಸಿಕೊಂಡು, 2000ದ ದಶಕದಲ್ಲಿ ನಮ್ಮ ‘ಸಿಆರ್‌ಡಿಐ’ ಕಾರುಗಳಿಗೆ ಬಂದ ಈ ಪದ್ಧತಿಯಲ್ಲಿ ಒತ್ತಡ 1,600 ಬಾರ್ ಮುಟ್ಟಿತು, ಸೂಜಿಯನ್ನು ಏಳಿಸುವ ಅಧಿಕಾರ ಸ್ಪ್ರಿಂಗಿನ ಕೈ ತಪ್ಪಿ ಕಂಪ್ಯೂಟರಿಗೆ ಹೋಯಿತು. ಅಷ್ಟು ಒತ್ತಡದಲ್ಲಿ ಒಂದೇ ಮಾದರಿಯ ಎರಡು ಇಂಜೆಕ್ಟರುಗಳೂ ಕೂದಲೆಳೆಯಷ್ಟು ಬೇರೆ ಬೇರೆಯಾಗಿ ಹರಿಸುತ್ತವೆ. ಹಾಗಾಗಿ ಕಾರ್ಖಾನೆ ಒಂದೊಂದನ್ನೂ ಪರೀಕ್ಷಿಸಿ, ಅದರದೇ ಒಂದು ಕೋಡನ್ನು ಅದರ ನೆತ್ತಿಯ ಮೇಲೆ ಕೆತ್ತುತ್ತದೆ. ಇಂಜೆಕ್ಟರ್ ಬದಲಿಸಿದವನು ಸ್ಕ್ಯಾನರ್ ಹಚ್ಚಿ ಆ ಕೋಡನ್ನು, ಯಾವ ಸಿಲಿಂಡರಿಗೆ ಯಾವುದು ಎಂದು, ಇಸಿಯುಗೆ ಒಪ್ಪಿಸಬೇಕು. ಗುಜರಿಯಲ್ಲಿ ಮಸಿ ಒರೆಸುವ ಭರದಲ್ಲಿ ತಂತಿ ಬ್ರಷ್ ಹಾಕಿ ಆ ಅಕ್ಷರ ಕಳೆದುಕೊಂಡರೆ, ಒಳಗಿನ ಸೂಜಿ ಎಷ್ಟೇ ಚೆನ್ನಾಗಿರಲಿ, ಇಂಜೆಕ್ಟರ್ ಊರು ಹೆಸರು ಗೊತ್ತಿಲ್ಲದ ವಸ್ತುವಾಗುತ್ತದೆ. ಮಲ್ಟಿಮೀಟರಾಗಲಿ ಗಾಜಿನ ಕೊಳವೆಯಾಗಲಿ ಅದನ್ನು ಮತ್ತೆ ಹೇಳಲಾರವು. ಅದಕ್ಕೆ ಉತ್ತರವೂ ಪಂಪ್ ರೂಮಿನಿಂದಲೇ ಬಂದಿದೆ. ಕಂಪ್ಯೂಟರಿಗೆ ಜೋಡಿಸಿದ ಪರೀಕ್ಷಾ ಬೆಂಚಿನ ಮೇಲೆ ರಿಪೇರಿಯಾದ ಇಂಜೆಕ್ಟರನ್ನು ಬಿಗಿದು, ಕಡಿಮೆ ಒತ್ತಡದಲ್ಲಿ, ಹೆಚ್ಚು ಒತ್ತಡದಲ್ಲಿ, ಐಡ್ಲಿಂಗಿನಲ್ಲಿ ಅದು ಎಷ್ಟೆಷ್ಟು ಹರಿಸುತ್ತದೆ ಎಂದು ಅಳೆದು, ಅದರ ಇಂದಿನ ನಡತೆಗೆ ತಕ್ಕ ಹೊಸ ಕೋಡನ್ನು ಯಂತ್ರವೇ ಬರೆದುಕೊಡುತ್ತದೆ. ಮೆಕ್ಯಾನಿಕ್ ಅದನ್ನು ಚೀಟಿಯಲ್ಲಿ ಗೀಚಿ ಇಂಜೆಕ್ಟರಿಗೆ ದಾರದಲ್ಲಿ ಕಟ್ಟಿ, ಗಿರಾಕಿಗೆ ಚೀಟಿ ಕಳೆಯಬೇಡಿ ಎಂದು ಎರಡು ಸಲ ಹೇಳಿ ಕಳಿಸುತ್ತಾನೆ.